ಚಾವಟಿಗೆ ಚಳಿಯಂತೆ

ಊಲ್ಕಾನಳ ತಮ್ಮನ ಎಡಗೆನ್ನೆ ಕುತ್ತಿಗೆಯವರೆಗೂ ಸುಟ್ಟು ಸುಕ್ಕುಗಟ್ಟಿತ್ತು. ಬೆಟ್ಟದ ಮೇಲಿನ ಸೂಸಮಿರ್ ಬೇಸಿಗೆ ಹುಲ್ಲುಗಾವಲಿನಲ್ಲಿ, ಅಮ್ಮ ಕುದುರೆಗಳ ಹಾಲು ಕರೆಯಲು ಹೋದ ಹೊತ್ತಿನಲ್ಲಿ, ಆಗಿನ್ನೂ ತೊದಲು ಮಾತಿನ ಕೂಸು ಕುದಿಯುವ ಕೊಪ್ಪರಿಗೆಗೆ ಬಗ್ಗಿ ನೋಡಿತ್ತು. ಬದುಕಿದ, ದೊಡ್ಡವನಾದ, ಮದುವೆಯೂ ಆದ. ಆದರೆ ಊಲ್ಕಾನ್ ಕಾರಾಬಾಲ್ಟಾ ಪಟ್ಟಣದ ಶಿಶುವಿಹಾರದಲ್ಲಿ ಶಿಕ್ಷಕಿಯಾದ ಮೇಲೂ, ಬೇಸಿಗೆ ಬಂತೆಂದರೆ ಆ ಕೆನ್ನೆಯೇ ಅವಳ ಕಣ್ಣಿಗೆ ಕಟ್ಟುತ್ತಿತ್ತು. ಹಿಂಡಿನ ಹಿಂದೆ ಬೆಟ್ಟ ಹತ್ತುವವರ ಮಕ್ಕಳನ್ನು ಮೇಲೆ ನೋಡಿಕೊಳ್ಳುವವರು ಯಾರು? ಕಡೆಗೊಂದು ವರ್ಷ ಉಣ್ಣೆಗಂಬಳಿಯ ಗುಂಡು ಡೇರೆ, ಔಷಧಿ ಪೆಟ್ಟಿಗೆ, ಒಂದು ಹೊರೆ ಸೋಪು ಕಟ್ಟಿಕೊಂಡು, ಅಲ್ಲೇ ಶಿಶುವಿಹಾರ ನಡೆಸಲು ತಾನೇ ಹತ್ತಿದಳು.

ಮೊದಲ ದಿನವೇ ಅಡುಗೆ ಕೊಪ್ಪರಿಗೆಯ ಸುತ್ತ ಬೇಲಿ ಎದ್ದಿತು. ಅಡುಗೆಗೆ ನಿಂತ ತೊಕ್ತೊಕಾನ್ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಲ್ಲ ಮಗಳೇ, ನಾವು ಕುರಿಗೇ ಬೇಲಿ ಹಾಕಲ್ಲ. ಈ ಕೊಪ್ಪರಿಗೆ ಎಲ್ಲಿಗೆ ಓಡಿಹೋಗುತ್ತೆ ಅಂತ?"

"ಕೊಪ್ಪರಿಗೆ ಓಡಲ್ಲ ಅಪಾ, ಮಕ್ಕಳು ಓಡ್ತಾವೆ."

ಅಪಾ ಎಂದರೆ ಹಿರಿಯಮ್ಮ; ಹಾಗೆ ಕರೆಸಿಕೊಂಡರೂ ಮುದುಕಿಯ ಅಣಕ ನಿಲ್ಲಲಿಲ್ಲ. ಕುರಿ ಕಾಯುವ ನಾಯಿಗಳು ಮೈಮೇಲೆ ಬರದಿರಲೆಂದು ಊಲ್ಕಾನ್ ಮಕ್ಕಳಿಗೆ ಒಂದು ಆಟ ಕಲಿಸಿದ್ದಳು. ಎಜೆ, ಅಂದರೆ ಅಕ್ಕ, "ಕಲ್ಲು" ಎಂದು ಪಿಸುಗುಟ್ಟಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಅಲುಗಾಡದವರಿಗೆ ಒಣಗಿದ ಜರ್ದಾಲು ಹಣ್ಣು. "ಮಕ್ಕಳನ್ನ ಕಲ್ಲು ಮಾಡೋಕೆ ಪಟ್ಟಣದಲ್ಲಿ ಓದಬೇಕಾಯ್ತಾ?" ಎಂದು ಮುದುಕಿ ಡೇರೆ ಡೇರೆಗೂ ಸಾರಿಕೊಂಡು ಬಂದಳು. ತಾಯಂದಿರು ನಕ್ಕರು, ನಗುತ್ತಲೇ ಮಕ್ಕಳನ್ನು ಬಿಟ್ಟುಹೋದರು. ಆ ನಂಬಿಕೆಯ ಭಾರ ಊಲ್ಕಾನಳಿಗೆ ಗೊತ್ತಿತ್ತು. ಒಂದು ಮಗುವಿಗೆ ಏನಾದರೂ ಆದರೆ ಡೇರೆ ಮುಚ್ಚುವುದಿರಲಿ, ಅವಳು ತನ್ನ ಮುಖವನ್ನೇ ತಾನು ನೋಡಿಕೊಳ್ಳಲಾರಳು.

ಅದಾದದ್ದು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ. ಗಾಳಿಯಾಡಲೆಂದು ಡೇರೆಯ ಕೆಳಅಂಚನ್ನು ಒಂದು ಕಡೆ ಮಡಚಿ ಮೇಲೆತ್ತಿದ್ದರು. ಮಕ್ಕಳು ಸಾಲಾಗಿ ಮಲಗಿದ್ದರು. ಊಲ್ಕಾನ್ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮುದುಕಿಯ ಮೊಮ್ಮಗಳು ಐಕನಿಶ್ ಮಾತ್ರ ಕಣ್ಣು ಬಿಟ್ಟುಕೊಂಡಿದ್ದಳು.

"ಎಜೆ, ಸಂಜಾರ್ ಪಕ್ಕ ಚಾವಟಿ ಇದೆ."

"ನಿಮ್ಮಪ್ಪ ಮರೆತು ಹೋಗಿರ್ತಾರೆ. ಇರಲಿ ಬಿಡು, ಮಲ್ಕೋ."

ಹುಡುಗಿ ಮತ್ತೊಮ್ಮೆ ಪಕ್ಕಕ್ಕೆ ಇಣುಕಿದಳು.

"ಎಜೆ, ಚಾವಟಿ ಅಲ್ಲೇ ಇದೆ."

"ಆಮೇಲೆ ತೆಗೆದಿಡ್ತೀನಿ ಕಂದಾ. ಕಣ್ಮುಚ್ಚು."

ಹಗ್ಗ ಕಂಡು ಹಾವೆಂದು ಬೆಚ್ಚಿದವರನ್ನು ನಾವೆಲ್ಲ ಕಂಡಿದ್ದೇವೆ. ಹಾವನ್ನು ಚಾವಟಿಯೆಂದು ಬಿಟ್ಟು ಗುಂಡಿ ಹೊಲಿಯುತ್ತ ಕೂತವಳು ಊಲ್ಕಾನ್ ಒಬ್ಬಳೇ ಇರಬೇಕು. ಬೆಟ್ಟದ ಮನೆಗಳಲ್ಲಿ ಹಾವಿನ ಹೆಸರನ್ನು ಯಾರೂ ಬಾಯಲ್ಲಿ ಎತ್ತುವುದಿಲ್ಲ, ಎತ್ತಿದರೆ ಬರುತ್ತದೆಂದು. ಅಲ್ಲಿ ಅದಕ್ಕೆ ಚಾವಟಿ ಎಂದೇ ಹೆಸರು. ಪಟ್ಟಣ ಸೇರಿ ವರ್ಷಗಳೇ ಕಳೆದಿದ್ದ ಊಲ್ಕಾನಳಿಗೆ ಆ ಮಾತು ಎಂದೋ ಮರೆತುಹೋಗಿತ್ತು.

"ಎಜೆ," ಎಂದಳು ಹುಡುಗಿ ಮೂರನೆಯ ಸಲ, ಇನ್ನೂ ಮೆಲ್ಲಗೆ. "ಚಾವಟಿಗೆ ಚಳಿಯಂತೆ. ಸಂಜಾರ್ ಕಾಲ್ಮೇಲೆ ಹತ್ತಿದೆ."

ಊಲ್ಕಾನ್ ತಲೆಯೆತ್ತಿದಳು. ಎಲ್ಲರಿಗಿಂತ ಚಿಕ್ಕವನಾದ ಸಂಜಾರನ ಬರಿಗಾಲ ಮೇಲೆ ಬೂದು ಬಣ್ಣದ, ಕಪ್ಪು ಪಟ್ಟೆಯ ವಿಷದ ಹಾವು ಸುರುಳಿ ಸುತ್ತುತ್ತಿತ್ತು. ಅವನು ನಿದ್ದೆಯಲ್ಲಿ ಬೆರಳು ಅಲುಗಿಸಿದ. ಸುರುಳಿ ಬಿಗಿದು ತಲೆ ಎದ್ದಿತು.

ಅವಳು ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹೊಡೆದರೆ ಕಚ್ಚುತ್ತದೆ, ಎಳೆದರೂ ಕಚ್ಚುತ್ತದೆ. ಹುಡುಗ ಕಣ್ಣು ಬಿಟ್ಟ. ಅವನ ಬಾಯಿ ಅಳುವಿಗೆ ತೆರೆದುಕೊಳ್ಳುತ್ತಿರುವುದು ಕಂಡಿತು. ಊಲ್ಕಾನ್ ಪಿಸುಗುಟ್ಟಿದಳು.

"ಕಲ್ಲು."

ಸಂಜಾರ್ ಕಲ್ಲಾದ. ಎಚ್ಚರವಾದ ಒಂದೊಂದು ಮಗುವೂ ಕಲ್ಲಾಯಿತು. ಮೂಗು ಒರೆಸಿಕೊಳ್ಳಲು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಒಂದು ಗಳಿಗೆ ಸುಮ್ಮನಿರೆಂದರೆ ಇರದ ಪಿಳ್ಳೆಗಳು, ತನ್ನ ಒಂದೇ ಮಾತಿಗೆ ಉಸಿರು ಹಿಡಿದಿದ್ದನ್ನು ಕಂಡು ಊಲ್ಕಾನಳಿಗೆ ಭಯಕ್ಕಿಂತ ದೊಡ್ಡದೇನೋ ಎದೆಯಲ್ಲಿ ತುಂಬಿತು. ಬಾಗಿಲಲ್ಲಿ ತೊಕ್ತೊಕಾನ್ ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು.

"ಅಂಚು ಇನ್ನಷ್ಟು ಎತ್ತು," ಎಂದಳು ಮುದುಕಿ, ನೆಂಟರ ಮುಂದೆ ಮಾತಾಡುವಷ್ಟು ಮೃದುವಾಗಿ. "ಮನೆಗೆ ಬಂದವರಿಗೆ ದಾರಿ ಬೇಕು."

ಊಲ್ಕಾನ್ ತೆವಳಿಕೊಂಡು ಹೋಗಿ ಕಂಬಳಿಯ ಅಂಚು ಎತ್ತಿ ಹಿಡಿದಳು. ಮುದುಕಿ ಮೊಣಕಾಲೂರಿ, ತಣ್ಣನೆಯ ಹಾಲನ್ನು ಸಣ್ಣ ಧಾರೆಯಾಗಿ ಹಾವಿನ ತಲೆಯ ಮೇಲೆ ಬಿಟ್ಟಳು. ಹಾವಿಗೆ ಹಾಲೆರೆದು ಫಲವೇನು ಎನ್ನುತ್ತೇವೆ ನಾವು. ಹಾಗೆನ್ನುವವರು ಆ ಮಧ್ಯಾಹ್ನ ಅಲ್ಲಿರಬೇಕಿತ್ತು. ಸುರುಳಿ ಸಡಿಲವಾಯಿತು. ತಲೆಯಿಂದ ಹಾಲು ತೊಟ್ಟಿಕ್ಕಿಸುತ್ತ ಹಾವು ಹುಡುಗನ ಪಾದದಿಂದಿಳಿದು, ಊಲ್ಕಾನಳ ಕೈಯ ಕೆಳಗೇ ಹಾದು, ಹುಲ್ಲಿಗೆ ಸೇರಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒದ್ದೆ ಕಾಲಿನ ಸಂಜಾರ್ ಕಲ್ಲಾಗಿಯೇ ಇದ್ದ. "ಜರ್ದಾಲು ಕೊಡ್ತೀರಾ ಎಜೆ?" ಎಂದು ತುಟಿಯಂಚಿನಲ್ಲೇ ಕೇಳಿದ.

ಊಲ್ಕಾನ್ ಚೀಲವನ್ನೇ ಅವನ ಮಡಿಲಿಗೆ ಸುರಿದು, ಹೊರಗೆ ಬಂದು ಮುಖಕ್ಕೆ ನೀರು ಎರಚಿಕೊಂಡಳು. ಮುದುಕಿ ಅವಳ ಬೆನ್ನು ಸವರಿದಳು.

"ಇಲ್ಲಿ ಅದನ್ನ ಅದರ ಹೆಸರಿಂದಲೇ ಕರೀಬೇಕು ಅಪಾ. ಮಕ್ಕಳಿಗೆ ಹೇಳಿ," ಎಂದಳು ಊಲ್ಕಾನ್.

"ನನ್ನ ಬಾಯಲ್ಲಿ ಆ ಹೆಸರು ಬರಲ್ಲ ತಾಯಿ, ಸತ್ತರೂ ಬರಲ್ಲ. ಬೇಕಾದ್ರೆ ನಿನ್ನ ಬೇಲಿ ಬಗ್ಗೆ ಇನ್ಮೇಲೆ ಆಡ್ಕೊಳ್ಳಲ್ಲ."

ಮರುದಿನ ಡೇರೆಯ ಅಂಚನ್ನು ಸುತ್ತಲೂ ಭದ್ರವಾಗಿ ಹೂತಿದ್ದರು. ನಿದ್ದೆಯ ಹೊತ್ತು. ಸೂಜಿಗೆ ದಾರ ಪೋಣಿಸುತ್ತಿದ್ದ ಊಲ್ಕಾನಳಿಗೆ ಅದೇ ಮೆಲುದನಿ ಕೇಳಿಸಿತು.

"ಎಜೆ, ಇಲ್ಲಿ ಚಾವಟಿ ಇದೆ."

ಸೂಜಿ ಎಲ್ಲಿ ಬಿತ್ತೋ, ಊಲ್ಕಾನ್ ಒಂದೇ ನೆಗೆತಕ್ಕೆ ಹುಡುಗಿಯ ಬಳಿಯಿದ್ದಳು. ಹಾಸಿಗೆ ಎತ್ತಿದಳು, ಕೊಡವಿದಳು. ಏನೂ ಇರಲಿಲ್ಲ.

"ಎಲ್ಲಿದೆ ಕಂದಾ?"

"ಇಲ್ಲ," ಎಂದಳು ಐಕನಿಶ್. "ನೀವು ಬರ್ತೀರಾ ಅಂತ ನೋಡ್ದೆ."

ಊಲ್ಕಾನ್ ಹಾಸಿಗೆಯನ್ನು ಮತ್ತೆ ಹಾಸಿದಳು. ಅಲ್ಲೇ ಹುಡುಗಿಯ ತಲೆದಿಂಬಿನ ಪಕ್ಕ ಕೂತಳು. "ನಾಳೆನೂ ಕರಿ," ಎಂದಳು. "ಬರ್ತೀನಿ."

ಹುಡುಗಿ ಕಣ್ಣು ಮುಚ್ಚಿಕೊಂಡಳು.