ಸೊಪ್ಪು ಕಟ್ಟಿದ ಗುಡ್ಡೆ

ಈಶ್ವರಮಂಗಲದ ತ್ಯಾಂಪಣ್ಣನಷ್ಟು ಹೆದರುವ ಮನುಷ್ಯ ಮೂರು ತಾಲೂಕಿನಲ್ಲೂ ಇರಲಿಲ್ಲ. ನೆರಳು ಹಿಂದಿನಿಂದ ಬರುತ್ತದೆಂದು ಆತ ಪೇಟೆಗೆ ಹೊರಡುತ್ತಿದ್ದುದೇ ನಡುಮಧ್ಯಾಹ್ನ. ಇಂಥವನ ಗುಡ್ಡೆಗೆ ಎಪ್ಪತ್ತಾರನೇ ಇಸವಿಯಲ್ಲಿ ಎರಡು ಕುದುರೆಗಳು ಬಂದವು: ಸುಂದರಿ ಎಂಬ ಮುದಿ ಹೆಣ್ಣು, ಮತ್ತು ಅದರ ಮಗ. ರಿಕ್ಷಾಗಳು ಬಂದು ಪುತ್ತೂರಿನ ಹೈದರ್‌ನ ಜಟಕಾ ನಿಂತಿತ್ತು. ಕುದುರೆ ಮಾರಲು ಅವನಿಗೆ ಮನಸ್ಸಿರಲಿಲ್ಲ. ಹುಲ್ಲು ಕುದುರೆಗೆ, ಲದ್ದಿ ತ್ಯಾಂಪಣ್ಣನ ತೆಂಗಿಗೆ ಎಂದು ಮಾತಾಯಿತು.

ದನ ಹುಲ್ಲನ್ನು ನಾಲಗೆಯಲ್ಲಿ ಸುತ್ತಿ ಎಳೆಯುತ್ತದೆ, ಬುಡ ಉಳಿಯುತ್ತದೆ. ಕುದುರೆ ಹಲ್ಲಿನಲ್ಲಿ ಕ್ಷೌರವನ್ನೇ ಮಾಡುತ್ತದೆ. ಒಂದೇ ತಿಂಗಳಲ್ಲಿ ಗುಡ್ಡೆ ಎಷ್ಟು ನುಣುಪಾಯಿತೆಂದರೆ ಇರುವೆಗಳೂ ಜಾರಿ ಬೀಳುತ್ತಿದ್ದವು. ಮಳೆಗೆ ಮಣ್ಣು ಇಳಿದು ಗದ್ದೆಗೆ ಬಂದಾಗ ತ್ಯಾಂಪಣ್ಣ ನಡುಗಿ, ಗುಡ್ಡೆಯನ್ನು ನಾಲ್ಕು ಪಾಲು ಮಾಡಿದ. ಹುಲ್ಲು ನಾಲ್ಕು ಬೆರಳಿಗಿಳಿದ ಕೂಡಲೇ ಕುದುರೆಗಳು ಮುಂದಿನ ಪಾಲಿಗೆ. ಒದೆತದ ಭಯಕ್ಕೆ, ಕುದುರೆಗಳಿಂದ ಇಪ್ಪತ್ತು ಮಾರು ದೂರದ ಹುಲ್ಲಿಗೇ ಬೆರಳಿಟ್ಟು ಅಳೆಯುತ್ತಿದ್ದ.

ಆದರೆ ವಿಶ್ರಾಂತಿಗೆ ಬಿಟ್ಟ ಪಾಲಿಗೆ ನೆರೆಯ ದನ ನುಗ್ಗಿದವು. ಆಗ ಆತ ಮೂಲೆಮೂಲೆಗೆ ಕೋಲು ನೆಟ್ಟು ಸೊಪ್ಪು ಕಟ್ಟಿದ. ಎರಡು ತಿಂಗಳು ಈ ಪಾಲಿಗೆ ಕಾಲಿಟ್ಟವರನ್ನು, ದನ ಬಿಟ್ಟವರನ್ನು ದೈವವೇ ಕೇಳಲಿ ಎಂದು ನಾಲ್ಕು ಜನರೆದುರು ಹೇಳಿಯೂಬಿಟ್ಟ. ಸೊಪ್ಪು ಕಂಡ ಮೇಲೆ ನಮ್ಮಲ್ಲಿ ಯಾರೂ ದಾಟುವುದಿಲ್ಲ. ಹುಲ್ಲು ಸೊಂಟದೆತ್ತರ ಬೆಳೆಯಿತು. ಆ ಪಾಲಿನಲ್ಲಿ ಕೆಂಪುಕಲ್ಲು ತೆಗೆದ ಎರಡಾಳು ಆಳದ ಹಳೆಯ ಗುಂಡಿಯೊಂದಿತ್ತು. ಹುಲ್ಲು ಅದನ್ನು ಮುಚ್ಚಿದ್ದು ತ್ಯಾಂಪಣ್ಣನಿಗೆ ಹೊಳೆದದ್ದು, ಒಂದು ಅಪರಾಹ್ನ ಹಗ್ಗ ತುಂಡರಿಸಿದ ಸುಂದರಿ ಆ ಹುಲ್ಲಿನ ನಡುವೆ ಮೇಯುವುದನ್ನು ಕಂಡಾಗ. ಕುದುರೆಗೆ ಎಡಗಣ್ಣು ಕುರುಡು. ಕರೆದರೆ ತಿರುಗುತ್ತದೆ, ತಿರುಗಿದರೆ ಎತ್ತ ಕಾಲಿಡುತ್ತದೋ. ಗುಂಡಿಯಲ್ಲಿ ಮಳೆನೀರು ತುಂಬಿತ್ತು. ಬಿದ್ದರೆ ಮೇಲೆ ಬರುವ ದಾರಿಯಿಲ್ಲ.

ಹೆಂಡತಿ ಅಪ್ಪಿ ಹಿಂದೆ ಬಂದು ನಿಂತಳು.

"ಎಂತ ನೋಡುದು? ಹೋಗಿ ಹಿಡೀರಿ."

"ಸೊಪ್ಪು ಕಟ್ಟಿದ್ದು ನಾನೇ ಅಲ್ವಾ ಮಾರಾಯ್ತಿ. ದೈವ ಮೊದಲು ನನ್ನನ್ನೇ ಕೇಳುದು."

"ಕೇಳ್ಲಿ. ಉತ್ತರ ಹೇಳ್ಲಿಕ್ಕೆ ಬಾಯಿ ಉಂಟಲ್ಲ."

ತ್ಯಾಂಪಣ್ಣ ಕೋಲಿಗೆ ಕೈಮುಗಿದು ದಾಟಿದ. ಗುಂಡಿ ಎಲ್ಲೋ ಕುಂಟಾಲ ಪೊದೆಯ ಹತ್ತಿರ ಎಂದಷ್ಟೇ ನೆನಪು. ಕೈಯಲ್ಲಿದ್ದ ಬಡಿಗೆಯಿಂದ ನೆಲ ಕುಟ್ಟುತ್ತಾ ಕುಟ್ಟುತ್ತಾ ನಡೆದ. ಕುದುರೆಯ ಹತ್ತಿರ ಬಂದಾಗ ಬಡಿಗೆ ನೆಲಕ್ಕೆ ತಾಗಲೇ ಇಲ್ಲ. ಸುಂದರಿಯ ಎಡಗಾಲಿನ ಗೊರಸಿನಿಂದ ಒಂದು ಗೇಣು ಆಚೆ ನೆಲವೇ ಇರಲಿಲ್ಲ.

ತುಂಡು ಹಗ್ಗ ಕೊರಳಿನಲ್ಲಿತ್ತು. ಕೊರಳಿಗೆ ಹೋಗಬೇಕಾದರೆ ಜೀವಮಾನದಲ್ಲಿ ಹತ್ತಿರ ಸುಳಿಯದ ಆ ಹಿಂಗಾಲನ್ನು ದಾಟಬೇಕು. ಬಲಗಡೆಯಿಂದ ಹೋಗಿ ಬೆನ್ನ ಮೇಲೆ ಅಂಗೈ ಇಟ್ಟ. ಎಷ್ಟು ಹಗುರಾಗಿ ಇಟ್ಟನೆಂದರೆ ಅಲ್ಲಿ ಕೂತಿದ್ದ ನೊಣವೂ ಏಳಲಿಲ್ಲ.

"ಸುಂದರೀ, ನಾನು," ಎಂದ ಮೆಲ್ಲಗೆ.

ಅದು ಕಿವಿ ಆಡಿಸಿತು, ಒದೆಯಲಿಲ್ಲ. ತ್ಯಾಂಪಣ್ಣ ಹಗ್ಗ ಹಿಡಿದು ಬಲಕ್ಕೆ ಎಳೆದ. ಎಡಗಾಲು ಎತ್ತಿದ್ದೇ ತಡ, ಅದು ನಿಂತಿದ್ದ ಅಂಚು ಕುಸಿಯಿತು. ಮಣ್ಣು ನೀರಿಗೆ ಬಿದ್ದ ಸದ್ದು ಸೊಪ್ಪಿನ ಕೋಲಿನ ಬಳಿಯಿದ್ದ ಅಪ್ಪಿಗೂ ಕೇಳಿತು.

ಅಂದಿನಿಂದ ಗುಡ್ಡೆಯಲ್ಲಿ ಎಲ್ಲ ಕಡೆ ನಾಲ್ಕು ಬೆರಳಿನ ಕಟ್ಟಳೆ, ಒಂದು ಕಡೆ ಬಿಟ್ಟು. ಗುಂಡಿ ಕಣ್ಣಿಗೆ ಕಾಣುತ್ತಿರಲೆಂದು ಅದರ ಸುತ್ತ ಹತ್ತು ಮಾರು ಜಾಗದಲ್ಲಿ ತಿಂಗಳಿಗೊಮ್ಮೆ ಗಿಡ್ಡ ಹಗ್ಗದಲ್ಲಿ ಕುದುರೆ ಕಟ್ಟಿ, ಬುಡ ಕಾಣುವವರೆಗೆ ಮೇಯಿಸುತ್ತಿದ್ದ. ಹಗ್ಗದ ಗೂಟ ತಾನೇ ಹೊಡೆಯುತ್ತಿದ್ದ, ಹಿಂಗಾಲಿನ ಪಕ್ಕದಲ್ಲೇ ಕೂತು. ದೈವ ಇನ್ನೂ ಕೇಳಿರಲಿಲ್ಲ. ತ್ಯಾಂಪಣ್ಣ ಮಾತ್ರ ಉತ್ತರ ಸಿದ್ಧಮಾಡಿಕೊಂಡು, ದೈವ ಮೈಮೇಲೆ ಬಂದು ಮಾತಾಡುವ ಪ್ರತಿ ನೇಮದಲ್ಲೂ ಊರಿನ ಅತಿ ದಪ್ಪ ಮನುಷ್ಯನ ಹಿಂದೆ ನಿಲ್ಲುತ್ತಿದ್ದ.