ಜೇವರ್ಗಿಯಲ್ಲಿ ಎತ್ತದ ಕೈ

ಹೊಸ ಬೂಟು ಕಚ್ಚಿದೆ, ಅದೂ ಎಡಗಾಲಿನ ಹಿಮ್ಮಡಿಗೆ. ನಿಮಗೂ ಎಂದಾದರೂ ಕಚ್ಚಿರುತ್ತದೆ. ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಮರೆತಿರುತ್ತೀರಿ. ನಾನು ಮಾತ್ರ ಮೂರು ದಿನದಿಂದ ಅದೇ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, ಅಫಜಲಪುರದ ನಮ್ಮ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಕುಂಟುತ್ತಿದ್ದೇನೆ.

"ಒಂದ್ ಕಡಿ ಕೂಡ್ರಿ. ಕಾಲಿಗಿ ಚಕ್ರ ಕಟ್ಕೊಂಡೀರೇನು?" ಎಂದು ಹೆಂಡತಿ ಬೈದೂ ಆಯಿತು.

ಬೂಟು ಕೊಂಡದ್ದು ಸನ್ಮಾನದ ಸಮಾರಂಭಕ್ಕೆ. ಸನ್ಮಾನ ನನಗಲ್ಲ, ನಿಂಬರ್ಗಾದ ಭೀಮಶಾ ಅಣ್ಣನಿಗೆ. ಆಳಂದದಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುವ ಮೇಡಂ ಒಬ್ಬರು ಫೋನ್ ಮಾಡಿದ್ದರು. "ಸರ್, ನಮ್ಮ ಭಾಗದ ಹಳೇ ಆಟಗಾರರಾಗ ಅವರೇ ಮೊದಲನೇರು. ನೀವು ಅವರ ಎದುರ ಆಡಿದವ್ರು. ಎರಡು ಪುಟ ಬರ್ಕೊಂಡ್ ಬಂದು ಓದ್ರಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹಿಮ್ಮಡಿ ಮುಟ್ಟಿ ನೋಡಿಕೊಂಡೆ. ಆಗಿನ್ನೂ ಬೂಟು ಕೊಂಡೇ ಇರಲಿಲ್ಲ.

ಬರೆಯಲು ಕೂತರೆ ಬರೆಯುವುದಕ್ಕೇನೂ ಕಡಿಮೆಯಿಲ್ಲ. ತೊಗರಿ ಹೊಲದಲ್ಲಿ ಕೂಲಿ ಮಾಡಿ, ಹಂಗಾಮಿನಲ್ಲಿ ಭೂಸನೂರಿನ ಕಡೆ ಹೋಗಿ ಕಬ್ಬಿನ ಹೊರೆ ಹೊತ್ತ ಮೈ ಅದು. ಕೋಚೂ ಇರಲಿಲ್ಲ, ಮ್ಯಾಟೂ ಇರಲಿಲ್ಲ. ರಾಶಿ ಮುಗಿದ ಕಣವೇ ಮೈದಾನ, ಒಲೆಯ ಬೂದಿಯೇ ಗೆರೆ. ಹಿರೋಳ್ಳಿಗೆ ಗಡಿಯಾಚೆಯ ಮರಾಠಿ ತಂಡ ಬಂದರೆ ಅವರು 'ಹುತುತು' ಅನ್ನುವರು, ನಮ್ಮವರು 'ಕಬಡ್ಡಿ' ಅನ್ನುವರು. ಯಾವುದೇ ಅನ್ನಲಿ, ಭೀಮಶಾ ಅಣ್ಣ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಬರುತ್ತಿದ್ದ. ಒಮ್ಮೆ ಬಲಗೈ ಬೆರಳು ಮುರಿದಾಗ ಟವೆಲ್ ಹರಿದು ಕಟ್ಟಿಕೊಂಡು ಆಟ ಮುಗಿಸಿದ. ಆ ಬೆರಳು ಇಂದಿಗೂ ಸೊಟ್ಟ.

ಆಗ ನಮ್ಮಲ್ಲಿ ಒಂದು ರೂಢಿಯಿತ್ತು. ಇದನ್ನು ಹೇಳದೆ ಮುಂದೆ ಹೋಗಲಾರೆ. ದಾಳಿಗೆ ಬಂದವನು ಮುಟ್ಟಿದರೆ, ಮುಟ್ಟಿಸಿಕೊಂಡವನೇ ಕೈ ಎತ್ತಿ ಹೊರಗೆ ನಡೆಯಬೇಕು. ಅಂಪೈರ್ ನೋಡಲಿ ಬಿಡಲಿ. ಅನುಮಾನ ಬಂದರೆ ಅಂಪೈರು ಅವನನ್ನೇ ಕೇಳುವರು, ಅವನ ಮಾತೇ ಕೊನೆ. ಈಗಿನವರು ಟಿವಿಯಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ, ಒಳ್ಳೆಯದೇ. ನನ್ನಂಥವರು ಹುಟ್ಟಿದ ಮೇಲೆ ಅದು ಬೇಕೇ ಬೇಕು.

ಜೇವರ್ಗಿಯಲ್ಲಿ ಜಿಲ್ಲಾ ತಂಡದ ಆಯ್ಕೆ ನಡೆದಿತ್ತು. ಉಳಿದದ್ದು ಒಂದೇ ಸ್ಥಾನ, ಅದಕ್ಕೆ ನಾವಿಬ್ಬರು. ಕೊನೆಯ ದಾಳಿ ಭೀಮಶಾ ಅಣ್ಣನದು. ನನ್ನನ್ನು ಮುಟ್ಟಿದರೆ ಅವನು, ತಪ್ಪಿಸಿಕೊಂಡರೆ ನಾನು. ಬಂದ, ಬಗ್ಗಿದ. ನಾನು ಹಿಂದಕ್ಕೆ ಜಿಗಿದೆ. ಆ ಸೊಟ್ಟ ಬೆರಳಿನ ಉಗುರು ನನ್ನ ಎಡ ಹಿಮ್ಮಡಿಯನ್ನು ಗೀರಿಕೊಂಡು ಹೋಯಿತು. ದೂಳೆದ್ದು ಯಾರಿಗೂ ಕಾಣಲಿಲ್ಲ.

"ಮುಟ್ಟೇನ್ರಿ," ಎಂದ ಅಣ್ಣ.

ಅಂಪೈರು ನನ್ನ ಕಡೆ ತಿರುಗಿದರು. "ಏನಪಾ, ಮುಟ್ಟ್ಯಾನೇನು?"

"ಇಲ್ರಿ," ಎಂದೆ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ.

ಅವನು ಜಗಳ ಮಾಡಲಿಲ್ಲ. ನನ್ನ ಹಿಮ್ಮಡಿಯನ್ನೊಮ್ಮೆ ನೋಡಿ, ಅಂಗಿ ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ನಡೆದ. ಮರುದಿನ ತೊಗರಿ ಹೊಲಕ್ಕೆ ಹೋಗಿರಬೇಕು. ನಾನು ಜಿಲ್ಲೆಗೆ ಆಡಿದೆ. ಆ ಸರ್ಟಿಫಿಕೇಟು ಹಿಡಿದು ಆಟಗಾರರ ಕೋಟಾದಲ್ಲಿ ನೌಕರಿ ಸೇರಿ, ಮೊನ್ನೆ ಮೊನ್ನೆ ನಿವೃತ್ತನಾದೆ. ಜಿಲ್ಲಾ ತಂಡದಲ್ಲಿ ಹೆಚ್ಚು ಹೊತ್ತು ಬೆಂಚಿನ ಮೇಲೇ ಇದ್ದೆ, ಅದು ಬೇರೆ ಮಾತು. ನನಗೆ ನಾಚಿಕೆಯಾಗುತ್ತದೆ. ಭಾಷಣಕ್ಕೆಂದು ಬರೆದ ಎರಡು ಪುಟದಲ್ಲಿ ಜೇವರ್ಗಿ ಎಂಬ ಊರೇ ಇಲ್ಲ.

ಇಲ್ಲಿಯವರೆಗೆ ಬರೆದದ್ದು ಶನಿವಾರ. ಉಳಿದದ್ದನ್ನು ಸೋಮವಾರ ಬರೆಯುತ್ತಿದ್ದೇನೆ.

ನಿನ್ನೆ ಆಳಂದದಲ್ಲಿ ಭಾಷಣಕ್ಕೆ ಮೊದಲು ಮೇಡಂ ಒಂದು ಆಸೆ ಮುಂದಿಟ್ಟರು: ಹಳಬರು ಒಂದೇ ಒಂದು ದಾಳಿ ಆಡಿ ತೋರಿಸಬೇಕು. ಬೂಟು ಬಿಚ್ಚಿ ಮಣ್ಣಿಗಿಳಿದೆ. ಆ ಕಡೆಯಿಂದ ಭೀಮಶಾ ಅಣ್ಣ ಶಾಲು ತೆಗೆದಿಟ್ಟು, ಧೋತರ ಮೇಲೆ ಕಟ್ಟಿ, 'ಕಬಡ್ಡಿ ಕಬಡ್ಡಿ' ಎನ್ನುತ್ತ ಮೆಲ್ಲಗೆ ಬಂದ. ಉಸಿರು ಸಣ್ಣದಾಗಿದೆ. ಬಗ್ಗಿ ಕೈ ಚಾಚಿದ. ಬೆರಳು ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲೇ ನಿಂತಿತು.

ನಾನು ಕೈ ಎತ್ತಿದೆ.

ಜನ ನಕ್ಕರು. ತಮಾಷೆ ಎಂದುಕೊಂಡು ಮೇಡಂ ಮೈಕು ಹಿಡಿದು ಓಡಿ ಬಂದರು.

"ಏ ತಮ್ಮಾ, ನಾ ಮುಟ್ಟೇ ಇಲ್ಲಲ್ಲೋ," ಎಂದ ಅಣ್ಣ.

"ಜೇವರ್ಗ್ಯಾಗ ಮುಟ್ಟಿದ್ದಿ ಅಣ್ಣಾ. ಎಡಗಾಲ ಹಿಮ್ಮಡಿ. ಅಂಪೈರ್ ಕೇಳಿದಾಗ ನಾ ಸುಳ್ಳ ಹೇಳ್ದೆ. ನಿನ್ನ ಜಾಗಾ ನಾ ತಿಂದೆ."

ಮಾತು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ನಗು ನಿಂತಿತು. ಅಣ್ಣ ಸೊಂಟದ ಮೇಲೆ ಕೈಯಿಟ್ಟು ದಮ್ಮು ತಿರುಗಿಸಿಕೊಳ್ಳುತ್ತ ನನ್ನನ್ನೇ ನೋಡಿದ. ಅಪ್ಪಿಕೊಳ್ಳಲಿಲ್ಲ, ಬಿಡು ಅನ್ನಲಿಲ್ಲ.

"ಹಂಗಾರ ಹೊರಗ ಕೂಡು," ಎಂದ. "ನಿಮ್ಮವ್ರು ನಮ್ಮವನೊಬ್ಬನ್ನ ಔಟ್ ಮಾಡಿದ್ರ, ಮತ್ತ ಒಳಗ ಬರಾಕ ಬರ್ತದ."

ಗೆರೆಯಾಚೆ ಹೋಗಿ ಮಣ್ಣಿನಲ್ಲೇ ಕೂತೆ. ಹೆಂಡತಿ ಎಷ್ಟು ಬೈದರೂ ಕೂರದ ಕಾಲು, ಕೂತಿತು. ಒಳಗೆ ಕರೆಯುವವರೆಗೆ ಎದ್ದು ಬರುವಂತಿಲ್ಲ. ಅದು ಆಟದ ನಿಯಮ.