ಪ್ರತಿವಾದಿ ಮೇಷ್ಟ್ರು ಮತ್ತು ಕಾಂತಕ್ಷೇತ್ರದ ಗುಳಿಗಳು

ಸೂರ್ಯನಿಂದ ಹೊರಟ ವಿದ್ಯುತ್ಕಣಗಳ ಗಾಳಿ ಗ್ರಹದ ಕಾಂತಕವಚಕ್ಕೆ ಬಡಿದು, ವೇಗ ಕಳೆದುಕೊಂಡು, ಕದಡಿಹೋಗುವ ವಲಯವೊಂದಿದೆ. ಅಲ್ಲಿ ಕಾಂತಕ್ಷೇತ್ರವು ಅಲ್ಲಲ್ಲಿ ದಿಢೀರನೆ ಕುಸಿದು ಪುಟ್ಟ ಪುಟ್ಟ ಗುಳಿಗಳು ಬೀಳುತ್ತವೆ. ಗ್ರಹದ ಲೆಕ್ಕದಲ್ಲಿ ಅವು ಸಾಸಿವೆ ಕಾಳಿಗೂ ಸಮವಲ್ಲ. ಉಪಕರಣದ ದೋಷವೆಂದು ಎಲ್ಲರೂ ಅವನ್ನು ಬದಿಗೆ ಸರಿಸುತ್ತಿದ್ದಾಗ, ‘ಸ್ವಲ್ಪ ತಾಳಿ, ಇದು ನಿಜವಾದ ಸಂಗತಿ’ ಎಂದು ಪಟ್ಟು ಹಿಡಿದು, ಅವಕ್ಕೆ ವಿದ್ವತ್ತಿನ ಪಂಕ್ತಿಯಲ್ಲಿ ಮಣೆ ಹಾಕಿಸಿದವರಲ್ಲಿ ಅಗ್ರಗಣ್ಯರು, ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕರು.

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ಕಿಟಕಿಯಿರುವ ಒಳ್ಳೆಯ ಕೋಣೆ ಸಿಕ್ಕಿತ್ತು. ನೆಲಮಾಳಿಗೆಯ ತೇವದಿಂದ ಪ್ರಯೋಗಾಲಯದ ಮೆಕ್ಯಾನಿಕ್‌ಗೆ ಉಸಿರಾಟದ ತೊಂದರೆಯಾಗುತ್ತಿದೆ ಎಂದು ತಿಳಿದೊಡನೆ ಆ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ತಾವು ನೀರಿನ ಪಂಪಿನ ಪಕ್ಕಕ್ಕೆ ಇಳಿದರು. ‘ಈ ಪಂಪಿನ ಗದ್ದಲದಲ್ಲಿ ಬೇಡದೋರ ಮಾತು ಕೇಳ್ಸಲ್ಲ, ನೋಡಿ’ ಎಂದು ನಗುತ್ತಿದ್ದರು. ಆಮೇಲೆ ಮೇಲಕ್ಕೆ ಬರಲೇ ಇಲ್ಲ.

ಅವರ ಗುಂಪಿನಲ್ಲೊಂದು ಪದ್ಧತಿಯಿತ್ತು. ಲೇಖನವನ್ನು ಹೊರಗೆ ಕಳಿಸುವ ಮುನ್ನ ಬರೆದವರು ಎಲ್ಲರೆದುರು ಅದರ ವಿರುದ್ಧವೇ ವಾದಿಸಬೇಕು; ಲೇಖನದ ಪರವಾಗಿ ಬೇರೊಬ್ಬರು ನಿಲ್ಲಬೇಕು. ಇದರಿಂದಲೇ ಅವರಿಗೆ ‘ಪ್ರತಿವಾದಿ ಮೇಷ್ಟ್ರು’ ಎಂಬ ಬಿರುದು ಅಂಟಿಕೊಂಡದ್ದು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅವರ ಗೌರವಕ್ಕಾಗಿ ಹೊರತರುತ್ತಿರುವ ಈ ಸಂಪುಟದ ಸಂಪಾದಕಿ ಅವರ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ದೊಡ್ಡ ಗುಳಿಗಳೇ ಸವೆದು ಸಣ್ಣವಾಗುತ್ತವೆ, ಅವಕ್ಕೆ ಪ್ರೋಟಾನುಗಳೇ ಮೂಲ ಎಂಬುದು ಮೇಷ್ಟ್ರಿಗೆ ಹೆಸರು ತಂದ ಸಿದ್ಧಾಂತ. ವಿದ್ಯಾರ್ಥಿನಿಗೆ ಅದು ಒಪ್ಪಿಗೆಯಾಗಲಿಲ್ಲ. ಪಾತ್ರೆಯ ನೀರನ್ನು ತಿರುವಿದರೆ ನಡುವೆ ಗುಳಿ ಬೀಳುವಂತೆ, ಸುತ್ತುವ ಎಲೆಕ್ಟ್ರಾನುಗಳಿಂದಲೇ ಇವು ಆಗುತ್ತವೆ ಎಂಬುದು ಆಕೆಯ ವಾದ. ಆದರೆ ಆ ಸುತ್ತು ಆಕೆಯ ಲೆಕ್ಕದಲ್ಲಿ ಎಲ್ಲೂ ಕಾಣಲಿಲ್ಲ. ಅದು ಕಾಣದಿದ್ದರೆ ಲೇಖನವೂ ಪಿಎಚ್‌ಡಿ ಪ್ರಬಂಧವೂ ನಿಲ್ಲುವಂತಿರಲಿಲ್ಲ. ಅವಧಿಯೂ ಮುಗಿಯುತ್ತ ಬಂದಿತ್ತು. ಸಾಲದ್ದಕ್ಕೆ, ಗುರುಗಳಿಗೇ ತಿರುಗಿಬಿದ್ದವಳು ಎನ್ನಿಸಿಕೊಳ್ಳುವ ಅಂಜಿಕೆ ಬೇರೆ.

ಆಕೆಯ ಸರದಿ ಬಂದ ದಿನ ಆಕೆಯ ಲೇಖನದ ಪರ ನಿಲ್ಲಲು ಯಾರೂ ಮುಂದೆ ಬರಲಿಲ್ಲ.

‘ನಾನೇ ನಿಲ್ತೀನಿ’ ಎಂದರು ಮೇಷ್ಟ್ರು.

‘ಹಾಗಾದ್ರೆ ನಾನು ನಿಮ್ಮ ಸಿದ್ಧಾಂತದ ಪರ ಮಾತಾಡ್ಬೇಕಾಗುತ್ತೆ, ಸರ್.’

‘ಮಾತಾಡಮ್ಮ. ಯಾರಾದ್ರೂ ಅದನ್ನ ಹೊಗಳಿ ಬಹಳ ದಿನ ಆಯ್ತು.’

ಆ ಸುತ್ತು ಲೆಕ್ಕದಲ್ಲಿ ಎಲ್ಲಿದೆ ತೋರಿಸಿ ಎಂದು ಆಕೆ ತನ್ನ ಮೇಲೆ ತಾನೇ ಕನಿಕರ ತೋರದೆ ವಾದಿಸಿದಳು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ನಕ್ಷೆಗಳ ಮೇಲೆ ಬಗ್ಗಿದರು.

‘ಈ ಸರಾಸರಿ ಹೇಗೆ ತೆಗೆದೆ?’

‘ಎಲ್ಲ ಗುಳಿಗಳ ಅಂಚುಗಳನ್ನೂ ಒಟ್ಟಿಗೆ ಸೇರಿಸಿ.’

‘ಸುತ್ತೋದು ಒಂದಂಚಲ್ಲಿ ಆ ಕಡೆ ಹೋದ್ರೆ, ಇನ್ನೊಂದಂಚಲ್ಲಿ ಈ ಕಡೆ ಬರುತ್ತೆ. ಎರಡನ್ನೂ ಕೂಡಿಸಿದ್ರೆ ಸೊನ್ನೆ ಬರದೆ ಇನ್ನೇನು ಬರುತ್ತೆ? ಬೇರೆ ಬೇರೆ ಮಾಡಿ ನೋಡು.’

ಅಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಆಕೆ ಬೇರ್ಪಡಿಸಿದಳು. ಆ ವಲಯದಲ್ಲಿ ಜೊತೆಯಾಗಿ ಹಾರಿ ಅಳತೆ ಕಳಿಸಿದ್ದ ನಾಲ್ಕು ಬಾಹ್ಯಾಕಾಶ ನೌಕೆಗಳೂ ಒಂದೇ ಕಥೆ ಹೇಳಿದವು: ಒಂದು ಅಂಚಿನಲ್ಲಿ ಎಲೆಕ್ಟ್ರಾನುಗಳು ಅತ್ತ, ಇನ್ನೊಂದರಲ್ಲಿ ಇತ್ತ, ಪ್ರೋಟಾನುಗಳು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತೆಪ್ಪಗಿದ್ದವು. ಆಕೆಯ ಪ್ರಬಂಧ ಉಳಿಯಿತು. ಮುಳುಗಿದ್ದು ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

‘ಸರ್, ಅದು ನಿಮ್ಮ ಇಷ್ಟು ವರ್ಷದ ಕೆಲಸ’ ಎನ್ನುವಷ್ಟರಲ್ಲಿ ಆಕೆಗೆ ಅಳು ಬಂತು.

‘ಹೂಂ’ ಎಂದು ಅವರು ಕುರ್ಚಿ ಎಳೆದುಕೊಂಡರು. ‘ಚೆನ್ನಾಗೇ ಇತ್ತು, ಅಲ್ವಾ?’

ನರ್ಸ್ ಆಗಿದ್ದ ಅವರ ಪತ್ನಿ ಮುಂದೆಂದೋ ನಮಗೆ ಉಳಿದದ್ದನ್ನು ಹೇಳಿದರು. ಅಂದು ಸಂಜೆ ‘ವಾದದಲ್ಲಿ ಗೆದ್ರಾ?’ ಎಂದು ಕೇಳಿದರೆ, ‘ಗೆದ್ದೆ ಕಣೇ, ನನ್ನ ಮೇಲೇ’ ಎಂದರಂತೆ. ಊಟ ಸೇರಲಿಲ್ಲ. ನೋವಾಗಿತ್ತು, ಆಗದೆ ಇರುತ್ತದೆಯೇ? ಆದರೂ ಮರುದಿನ ಎಲ್ಲರಿಗಿಂತ ಮೊದಲು ಬಂದು, ಆಕೆಯ ಲೇಖನದಿಂದ ತಮ್ಮ ಹೆಸರನ್ನು ಹೊಡೆದುಹಾಕಿ, ‘ಇದು ಪೂರ್ತಿ ನಿನ್ನದು, ಕಳಿಸು’ ಎಂದರು.

ಇಂದು ಆಕೆಯ ಸಿದ್ಧಾಂತವೇ ಎಲ್ಲರ ಬಾಯಲ್ಲಿದೆ. ಅದನ್ನು ತಡೆದು ಕೇಳುವವರು ಕಡಿಮೆಯಾಗಿದ್ದಾರೆ, ಆಕೆಗೆ ದಿಗಿಲಾಗಿರುವುದೂ ಅದಕ್ಕೇ. ನಮ್ಮ ಪ್ರಾಧ್ಯಾಪಕರಿಗೆ ಆಯುಸ್ಸು, ಆರೋಗ್ಯ, ಕಣ್ಣಿನ ಚುರುಕು ಇವೆಲ್ಲವೂ ತುಂಬಿ ಬರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಸಂಪಾದಕಿಯ ಹಾರೈಕೆ ಇನ್ನೂ ಒಂದು ಹೆಜ್ಜೆ ಮುಂದಿನದು: ತಾನು ಹೇಳಿದ್ದೂ ತಪ್ಪೆಂದು ಅವರೇ ತೋರಿಸಿಕೊಡುವವರೆಗೆ ಬಾಳಲಿ.